ಹೊಸ ಸೌಲಭ್ಯ ಅಗ್ಗದ ಚಿಪ್‌ಗೇ ಮೊದಲು ಬರಲಿ

ಎರಡು ಕಂಪ್ಯೂಟರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದರಲ್ಲಿರುವುದು 2013ರಲ್ಲಿ ಬಂದ ಇಂಟೆಲ್ ಕೋರ್ ಐ7-4770 ಪ್ರೊಸೆಸರ್. ಇನ್ನೊಂದರಲ್ಲಿ ಅದೇ ಇಂಟೆಲ್ 2020ರಲ್ಲಿ ಬಿಡುಗಡೆ ಮಾಡಿದ ಪೆಂಟಿಯಮ್ ಗೋಲ್ಡ್ ಜಿ6400. ಎರಡರ ನಡುವೆ ಏಳು ವರ್ಷಗಳ ಅಂತರ. 2025ರ ಮೇ ತಿಂಗಳಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಪ್ರೊಸೆಸರ್‌ನಿಂದ ಏನೇನು ಬಯಸುತ್ತದೋ ಅದೆಲ್ಲ ಹಳೆಯ ಐ7ನಲ್ಲಿದೆ. ಹೊಸ ಪೆಂಟಿಯಮ್‌ನಲ್ಲಿ ಇಲ್ಲ. ದತ್ತಾಂಶಗಳನ್ನು ಸಂಗ್ರಹಿಸಿಡುವ ಜನಪ್ರಿಯ ತಂತ್ರಾಂಶ ಮಾಂಗೋಡಿಬಿಯ ಕತೆಯೂ ಇದೇ. 2021ರಲ್ಲಿ ಬಂದ ಅದರ 5.0 ಆವೃತ್ತಿ ಹಳೆಯ ಐ7ನಲ್ಲಿ ಓಡುತ್ತದೆ, ಆಗಷ್ಟೇ ಒಂದು ವರ್ಷ ದಾಟಿದ್ದ ಪೆಂಟಿಯಮ್‌ನಲ್ಲಿ ಓಡುವುದಿಲ್ಲ.

ಇದು ವೇಗದ ಪ್ರಶ್ನೆಯಲ್ಲ. ನಿಧಾನವಾದ ಯಂತ್ರ ಕೆಲಸವನ್ನು ತಡವಾಗಿ ಮುಗಿಸುತ್ತದೆ, ಆದರೆ ಮುಗಿಸುತ್ತದೆ. ಇಲ್ಲಿ ಕೆಲಸ ಶುರುವಾಗುವುದೇ ಇಲ್ಲ. ಆ ಪೆಂಟಿಯಮ್‌ಗೆ ಎವಿಎಕ್ಸ್ ಮತ್ತು ಎವಿಎಕ್ಸ್-2 ಎಂಬ ಆದೇಶಗಳ ಗುಂಪು ಗೊತ್ತಿಲ್ಲ. ಗೊತ್ತಿಲ್ಲದ ಆದೇಶ ಎದುರಾದ ಕ್ಷಣ ಪ್ರೊಸೆಸರ್ ಕೈಚೆಲ್ಲುತ್ತದೆ. ಕಾರ್ಯಾಚರಣ ವ್ಯವಸ್ಥೆ ಆ ಪ್ರೋಗ್ರಾಮನ್ನು ಅಲ್ಲಿಗೇ ನಿಲ್ಲಿಸುತ್ತದೆ. ಲಿನಕ್ಸ್‌ನಲ್ಲಾದರೆ ಪರದೆಯ ಮೇಲೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಎರಡು ಪದ ಮೂಡುತ್ತವೆ. ಯಾವ ಆದೇಶ, ಏಕೆ, ಮುಂದೇನು ಎಂಬ ವಿವರಣೆ ಇರುವುದಿಲ್ಲ.

ಕಡಿಮೆ ಬೆಲೆಯ ಚಿಪ್‌ಗಳಲ್ಲಿ ಇಂಥ ಹೊಸ ಸೌಲಭ್ಯಗಳು ಬೇಕೇ ಎಂದು ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರ, ‘ಅದನ್ನು ಬಳಸುವ ತಂತ್ರಾಂಶವೇ ಇಲ್ಲವಲ್ಲ, ಈಗಲೇ ಏಕೆ?’ ಎಂಬುದು. ಬಿಲ್ಲಿಂಗ್, ಟೈಪಿಂಗ್, ಇಂಟರ್‌ನೆಟ್‌ಗಷ್ಟೇ ಕೊಳ್ಳುವ ಕಂಪ್ಯೂಟರ್‌ಗೆ ಅದರ ಅಗತ್ಯವಿಲ್ಲ ಎಂಬ ಮಾತು ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಕಳೆದ ಇಪ್ಪತ್ತು ವರ್ಷಗಳ ಅನುಭವ ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು. ತಂತ್ರಾಂಶ ಬಂದ ಮೇಲೆ ಸೌಲಭ್ಯ ಕೊಡುತ್ತೇವೆ ಎಂದು ಕಾದರೆ ತಂತ್ರಾಂಶ ಬರುವುದೇ ಇಲ್ಲ. ಅತ್ಯಂತ ಅಗ್ಗದ ಚಿಪ್‌ನಲ್ಲಿ ಏನಿದೆಯೋ ಅದನ್ನು ನೋಡಿಕೊಂಡೇ ತಂತ್ರಾಂಶ ಬರೆಯುವವರು ಹೆಜ್ಜೆ ಇಡುತ್ತಾರೆ.

ಒಂದೇ ಸಲಕ್ಕೆ ಎಂಟು

ಮೊದಲು ಈ ಆದೇಶಗಳು ಮಾಡುವುದಾದರೂ ಏನು ಎಂದು ತಿಳಿದುಕೊಳ್ಳಬೇಕು. ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಿಗೆ ಒಬ್ಬರು ಒಂದೊಂದೇ ಎಲೆಗೆ ಪಲ್ಯ ಬಡಿಸುತ್ತ ಹೋಗುವುದಕ್ಕೂ, ಎಂಟು ಮಂದಿ ಸಾಲಾಗಿ ನಿಂತು ಎಂಟು ಎಲೆಗೆ ಒಮ್ಮೆಲೇ ಬಡಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಬಡಿಸುವ ಪದಾರ್ಥ ಒಂದೇ, ಎಲೆಗಳು ಮಾತ್ರ ಬೇರೆ ಬೇರೆ. ಕಂಪ್ಯೂಟರ್‌ನ ಬಹಳಷ್ಟು ಕೆಲಸ ಇಂಥದ್ದೇ. ಚಿತ್ರದ ಪ್ರತಿ ಬಿಂದುವಿಗೂ ಒಂದೇ ಸಂಖ್ಯೆಯನ್ನು ಕೂಡುವುದು, ಧ್ವನಿಯ ಪ್ರತಿ ತುಣುಕನ್ನೂ ಒಂದೇ ಸಂಖ್ಯೆಯಿಂದ ಗುಣಿಸುವುದು ಅದರ ನಿತ್ಯದ ದುಡಿಮೆ.

ಒಂದು ಸಣ್ಣ ಲೆಕ್ಕ ಹಾಕೋಣ. 1920×1080 ಅಳತೆಯ ಚಿತ್ರವೊಂದನ್ನು ತುಸು ಬೆಳಗಿಸಬೇಕು. ಅದರಲ್ಲಿರುವ ಬಿಂದುಗಳು 20,73,600. ಕೆಂಪು, ಹಸಿರು, ನೀಲಿ ಎಂದು ಪ್ರತಿ ಬಿಂದುವಿಗೆ ಮೂರು ಬೈಟ್‌ಗಳಂತೆ ಒಟ್ಟು 62,20,800 ಬೈಟ್. ಒಂದೊಂದಾಗಿ ಕೂಡುತ್ತ ಹೋದರೆ ಅರವತ್ತೆರಡು ಲಕ್ಷಕ್ಕೂ ಹೆಚ್ಚು ಕೂಡುವಿಕೆ. ಇಂಟೆಲ್ 2000ದ ಕೊನೆಯಲ್ಲಿ ಪೆಂಟಿಯಮ್ 4ರ ಜೊತೆ ತಂದ ಎಸ್‌ಎಸ್‌ಇ-2 ಆದೇಶಗಳು ಒಂದೇ ಸಲಕ್ಕೆ 16 ಬೈಟ್‌ಗಳನ್ನು ಕೂಡುತ್ತವೆ. ಆಗ ಕೂಡುವಿಕೆ 3,88,800ಕ್ಕೆ ಇಳಿಯುತ್ತದೆ. 2013ರ ಎವಿಎಕ್ಸ್-2 ಒಂದೇ ಸಲಕ್ಕೆ 32 ಬೈಟ್ ನಿಭಾಯಿಸುವುದರಿಂದ ಕೂಡುವಿಕೆ 1,94,400 ಸಾಕು. ದಶಮಾಂಶ ಸಂಖ್ಯೆಗಳಾದರೆ ಎಸ್‌ಎಸ್‌ಇ ಒಮ್ಮೆಗೆ ನಾಲ್ಕನ್ನು, ಎವಿಎಕ್ಸ್ ಎಂಟನ್ನು ಹಿಡಿಯುತ್ತದೆ. ನೆನಪಿನ ಕೋಶದಿಂದ ದತ್ತಾಂಶ ತರುವುದಕ್ಕೆ ಹಿಡಿಯುವ ಸಮಯವೂ ಸೇರುವುದರಿಂದ ನಿಜದ ಬಳಕೆಯಲ್ಲಿ ವೇಗ ಸರಿಯಾಗಿ ಎರಡು ಪಟ್ಟು ಆಗಲಾರದು. ಆದರೂ ವಿಡಿಯೊ ಬಿಡಿಸುವುದು, ಚಿತ್ರ ತಿದ್ದುವುದು, ಮಾತನ್ನು ಬರಹವಾಗಿಸುವುದು ಮುಂತಾದ ಕೆಲಸಗಳಲ್ಲಿ ಬಳಕೆದಾರರ ಕಣ್ಣಿಗೇ ಕಾಣುವಷ್ಟು ಲಾಭವಿದೆ.

ಒಂದೇ ಪೀಳಿಗೆ, ಎರಡು ದರ್ಜೆ

ಎವಿಎಕ್ಸ್ ಬಂದದ್ದು 2011ರ ಜನವರಿಯಲ್ಲಿ, ಸ್ಯಾಂಡಿ ಬ್ರಿಜ್ ಪೀಳಿಗೆಯ ಚಿಪ್‌ಗಳೊಂದಿಗೆ. ಎವಿಎಕ್ಸ್-2 ಬಂದದ್ದು 2013ರಲ್ಲಿ, ಹ್ಯಾಸ್‌ವೆಲ್ ಪೀಳಿಗೆಯೊಂದಿಗೆ. ಕೋರ್ ಐ3, ಐ5, ಐ7 ಎಂಬ ಹೆಸರು ಹೊತ್ತ ಚಿಪ್‌ಗಳಿಗೆ ಅದು ಸಿಕ್ಕಿತು. ಅದೇ ಪೀಳಿಗೆಯ, ಅದೇ ವಿನ್ಯಾಸದ ಕೋರ್ ಇರುವ ಪೆಂಟಿಯಮ್ ಮತ್ತು ಸೆಲೆರಾನ್‌ಗಳಲ್ಲಿ ಮಾತ್ರ ಅದನ್ನು ಮುಚ್ಚಲಾಯಿತು. ವರ್ಷ ವರ್ಷವೂ ಹೊಸ ಪೀಳಿಗೆ ಬಂತು, ಮುಚ್ಚುವುದು ನಿಲ್ಲಲಿಲ್ಲ.

2017ರ ಜನವರಿಯಲ್ಲಿ ಬಂದ ಎರಡು ಚಿಪ್‌ಗಳನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪೆಂಟಿಯಮ್ ಜಿ4560ಕ್ಕೆ ಎರಡು ಕೋರ್, ನಾಲ್ಕು ಥ್ರೆಡ್, 3 ಎಂಬಿ ಕ್ಯಾಶ್, 3.5 ಗಿಗಾಹರ್ಟ್ಸ್ ವೇಗ; ಇಂಟೆಲ್ ಪಟ್ಟಿಯಲ್ಲಿ ಅದರ ಬೆಲೆ 64 ಡಾಲರ್. ಕೋರ್ ಐ3-7100ಕ್ಕೂ ಎರಡೇ ಕೋರ್, ನಾಲ್ಕೇ ಥ್ರೆಡ್, 3 ಎಂಬಿಯೇ ಕ್ಯಾಶ್, ವೇಗ 3.9 ಗಿಗಾಹರ್ಟ್ಸ್, ಬೆಲೆ 117 ಡಾಲರ್. ಇಬ್ಬರೂ ಕೇಬಿ ಲೇಕ್ ಪೀಳಿಗೆಯವರೇ. ಕಡಿಮೆ ಹಣದಲ್ಲಿ ಕಂಪ್ಯೂಟರ್ ಜೋಡಿಸುವವರಿಗೆ ಆ ಪೆಂಟಿಯಮ್ ಬಹಳ ಮೆಚ್ಚುಗೆಯಾಯಿತು, ಅದು ಸಹಜವೇ ಆಗಿತ್ತು. ಕೋರ್, ಥ್ರೆಡ್, ಕ್ಯಾಶ್, ಗಿಗಾಹರ್ಟ್ಸ್ ಎಲ್ಲವನ್ನೂ ಡಬ್ಬಿಯ ಮೇಲೆ ಓದಿ ಹೋಲಿಸಬಹುದಿತ್ತು. ಎವಿಎಕ್ಸ್-2 ಇಲ್ಲ ಎಂಬುದು ಮಾತ್ರ ವರ್ಷಗಳಾದ ಮೇಲೆ, ಯಾವುದೋ ಪ್ರೋಗ್ರಾಮ್ ತೆರೆಯದೆ ಹೋದಾಗ ತಿಳಿಯುವ ಸಂಗತಿ.

ಅಗ್ಗದ ಚಿಪ್‌ಗೆ ಅದನ್ನು ಕೊಟ್ಟರೆ ಗಿಟ್ಟುವುದಿಲ್ಲ ಎಂಬ ಸಮರ್ಥನೆಗೆ ಉತ್ತರ ಪಕ್ಕದಲ್ಲೇ ಇತ್ತು. 2018ರ ಸೆಪ್ಟೆಂಬರ್‌ನಲ್ಲಿ ಎಎಂಡಿ ಕಂಪನಿ ಅಥ್ಲಾನ್ 200ಜಿಇ ಎಂಬ ಚಿಪ್ ತಂದಿತು. ಎರಡು ಕೋರ್, ನಾಲ್ಕು ಥ್ರೆಡ್, ಬೆಲೆ 55 ಡಾಲರ್. ಎವಿಎಕ್ಸ್-2 ಅದರಲ್ಲಿ ಪೂರ್ತಿಯಾಗಿ ಇತ್ತು. ಇಂಟೆಲ್ ತನ್ನ ಡೆಸ್ಕ್‌ಟಾಪ್ ಪೆಂಟಿಯಮ್‌ಗೆ ಅದನ್ನು ಬಿಟ್ಟುಕೊಟ್ಟದ್ದು 2022ರ ಆರಂಭದಲ್ಲಿ, ಜಿ7400 ಬಂದಾಗ. ಅಗ್ಗದ ಲ್ಯಾಪ್‌ಟಾಪ್‌ಗಳ ಸಣ್ಣ ಚಿಪ್‌ಗಳಿಗೆ ಬರಲು 2023ರವರೆಗೆ, ಎನ್100 ಬರುವವರೆಗೆ ಕಾಯಬೇಕಾಯಿತು. ಅದಕ್ಕೆ ಮೊದಲು ಮಾರಾಟವಾದ ಸೆಲೆರಾನ್ ಎನ್4020, ಎನ್4500 ಲ್ಯಾಪ್‌ಟಾಪ್‌ಗಳಲ್ಲಿ ಎವಿಎಕ್ಸ್‌ನ ಮೊದಲ ಆವೃತ್ತಿಯೂ ಇಲ್ಲ. ಐ7 ಕೊಂಡವರಿಗೆ 2013ರಲ್ಲಿ ಸಿಕ್ಕಿದ್ದು ಸೆಲೆರಾನ್ ಕೊಂಡವರಿಗೆ ಸಿಗಲು ಹತ್ತು ವರ್ಷ ಹಿಡಿಯಿತು.

ತಂತ್ರಾಂಶ ಬರೆಯುವವರ ಲೆಕ್ಕಾಚಾರ

ಆ ಹತ್ತು ವರ್ಷಗಳಲ್ಲಿ ನಷ್ಟವಾದದ್ದು ಸೆಲೆರಾನ್ ಕೊಂಡವರಿಗೆ ಮಾತ್ರವೆಂದುಕೊಂಡರೆ ತಪ್ಪಾಗುತ್ತದೆ. ಐ7 ಕೊಂಡವರೂ ಕೊಟ್ಟ ಹಣಕ್ಕೆ ಪೂರ್ತಿ ಪ್ರತಿಫಲ ಪಡೆಯಲಿಲ್ಲ.

ಪ್ರೋಗ್ರಾಮ್ ಬರೆದು ಹಂಚುವವರು ಅದನ್ನು ಯಂತ್ರಭಾಷೆಗೆ ಇಳಿಸುವಾಗ ಒಂದು ತಳಮಟ್ಟವನ್ನು ಆರಿಸಿಕೊಳ್ಳಬೇಕು. ಆ ಮಟ್ಟಕ್ಕಿಂತ ಕೆಳಗಿನ ಚಿಪ್‌ಗಳಲ್ಲಿ ಪ್ರೋಗ್ರಾಮ್ ಓಡುವುದಿಲ್ಲ. ಎಎಂಡಿ 2003ರಲ್ಲಿ 64-ಬಿಟ್ ವಿನ್ಯಾಸವನ್ನು ತಂದಾಗ ಎಸ್‌ಎಸ್‌ಇ-2ವನ್ನು ಅದರ ಕಡ್ಡಾಯ ಭಾಗವಾಗಿ ಮಾಡಿತು. ಅಂದರೆ 64-ಬಿಟ್ ಎಂದು ಕರೆಸಿಕೊಳ್ಳುವ ಪ್ರತಿ ಚಿಪ್‌ನಲ್ಲೂ, ಎಷ್ಟೇ ಅಗ್ಗದ್ದಿರಲಿ, ಎಸ್‌ಎಸ್‌ಇ-2 ಇರಲೇಬೇಕು. ಫಲಿತಾಂಶ ಏನಾಯಿತು ನೋಡಿ. ಎಸ್‌ಎಸ್‌ಇ-2 ಇದೆಯೇ ಎಂದು 64-ಬಿಟ್ ತಂತ್ರಾಂಶ ಬರೆಯುವ ಯಾರೂ ಕೇಳಬೇಕಾಗಿ ಬರಲಿಲ್ಲ. ಕಂಪೈಲರ್‌ಗಳು ತಾವಾಗಿಯೇ ಅದನ್ನು ಬಳಸಿದವು. ಆ ಆದೇಶಗಳ ಹೆಸರೇ ಕೇಳದ ಪ್ರೋಗ್ರಾಮರ್‌ ಬರೆದ ಪುಟ್ಟ ಪ್ರೋಗ್ರಾಮಿಗೂ ಅದರ ಲಾಭ ಸಿಕ್ಕಿತು.

ಎವಿಎಕ್ಸ್-2ಕ್ಕೆ ಆ ಭಾಗ್ಯ ಬರಲಿಲ್ಲ. 2019ರಲ್ಲಿ ಫೆಡೋರಾ ಲಿನಕ್ಸ್‌ನ ತಳಮಟ್ಟವನ್ನು ಎವಿಎಕ್ಸ್-2ಕ್ಕೆ ಏರಿಸೋಣ ಎಂಬ ಪ್ರಸ್ತಾಪ ಬಂದಾಗ ತೀವ್ರ ವಿರೋಧ ಎದ್ದಿತು. ಅಂಗಡಿಯಲ್ಲಿ ಇವತ್ತು ಹೊಸದಾಗಿ ಸಿಗುವ ಕಂಪ್ಯೂಟರ್‌ಗಳಲ್ಲೇ ಅದು ಇಲ್ಲದಿರುವಾಗ ಏರಿಸುವುದು ಹೇಗೆ? ಪ್ರಸ್ತಾಪ ಬಿದ್ದುಹೋಯಿತು. 2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್ ಮತ್ತು ಸೂಸೆ ಕಂಪನಿಗಳು ಒಟ್ಟಾಗಿ 64-ಬಿಟ್ ಚಿಪ್‌ಗಳನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದವು. ಎವಿಎಕ್ಸ್-2 ಬರುವುದು ಮೂರನೆಯ ಮಟ್ಟದಲ್ಲಿ. 2022ರಲ್ಲಿ ಬಂದ ರೆಡ್ ಹ್ಯಾಟ್ 9 ಎರಡನೆಯ ಮಟ್ಟಕ್ಕೆ ನಿಂತಿತು. ಮೂರನೆಯದಕ್ಕೆ ಏರಿದ್ದು 2025ರ 10ನೇ ಆವೃತ್ತಿಯಲ್ಲಿ, ಎವಿಎಕ್ಸ್-2 ಹುಟ್ಟಿದ ಹನ್ನೆರಡು ವರ್ಷಗಳ ನಂತರ. ಅದರ ಜೊತೆಗೇ ಸಾಗುವ ಆಲ್ಮಾಲಿನಕ್ಸ್ 10 ಹಳೆಯ ಚಿಪ್‌ಗಳವರಿಗಾಗಿ ಎರಡನೆಯ ಮಟ್ಟದ ಪ್ರತ್ಯೇಕ ಆವೃತ್ತಿಯನ್ನು ಇನ್ನೂ ಕೊಡುತ್ತಿದೆ. ಡೆಬಿಯನ್‌ನ 64-ಬಿಟ್ ಆವೃತ್ತಿಯಂತೂ 2003ರ ತಳಮಟ್ಟದಲ್ಲೇ ಇದೆ. ನಿನ್ನೆ ಕೊಂಡ ದುಬಾರಿ ಲ್ಯಾಪ್‌ಟಾಪ್‌ನಲ್ಲೂ ಅದರ ಬಹುಪಾಲು ಪ್ರೋಗ್ರಾಮ್‌ಗಳು ಇಪ್ಪತ್ತು ವರ್ಷ ಹಿಂದಿನ ಚಿಪ್‌ಗೆ ಹೊಲಿದ ಅಳತೆಯಲ್ಲೇ ಓಡುತ್ತಿರುತ್ತವೆ.

ಇದಕ್ಕೊಂದು ಪರಿಹಾರವಿದೆ. ಒಂದೇ ಪ್ರೋಗ್ರಾಮಿನಲ್ಲಿ ಎರಡು ಮೂರು ದಾರಿಗಳನ್ನು ಬರೆದಿಟ್ಟು, ಶುರುವಾದಾಗ ‘ನಿನ್ನಲ್ಲಿ ಏನೇನಿದೆ?’ ಎಂದು ಚಿಪ್ಪನ್ನೇ ಕೇಳಿ, ತಕ್ಕ ದಾರಿ ಹಿಡಿಯುವುದು. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಟೆಸರಾಕ್ಟ್. ಸ್ಕ್ಯಾನ್ ಮಾಡಿದ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಈ ಮುಕ್ತ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. 2018ರಲ್ಲಿ ಬಂದ ಅದರ 4.0 ಆವೃತ್ತಿ ನರಜಾಲ ಪದ್ಧತಿಯನ್ನು ಅಳವಡಿಸಿಕೊಂಡಿತು. ಆ ಪದ್ಧತಿಯ ಹೊಟ್ಟೆಯೊಳಗೆ ಇರುವುದು ಲಕ್ಷಾಂತರ ಗುಣಾಕಾರ ಮತ್ತು ಸಂಕಲನ. ಎವಿಎಕ್ಸ್-2 ಹೇಳಿ ಮಾಡಿಸಿದಂತಿರುವ ಜಾಗ ಅದು. ಟೆಸರಾಕ್ಟ್ ಬರೆದವರು ಎವಿಎಕ್ಸ್-2ಕ್ಕೊಂದು, ಎಸ್‌ಎಸ್‌ಇಗೊಂದು, ಏನೂ ಇಲ್ಲದ ಚಿಪ್‌ಗೊಂದು ಎಂದು ಬೇರೆ ಬೇರೆ ದಾರಿಗಳನ್ನು ಬರೆದಿದ್ದಾರೆ. ಹಾಗಾಗಿ ಹಳೆಯ ಕನ್ನಡ ಪುಸ್ತಕವೊಂದನ್ನು ಪಠ್ಯವಾಗಿಸಲು ಕುಳಿತವರ ಬಳಿ ಸೆಲೆರಾನ್ ಲ್ಯಾಪ್‌ಟಾಪ್ ಇದ್ದರೂ ಕೆಲಸ ನಡೆಯುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ.

ಆದರೆ ಪ್ರತಿ ದಾರಿಯನ್ನೂ ಬರೆಯಬೇಕು, ಪ್ರತಿಯೊಂದನ್ನೂ ಬೇರೆ ಬೇರೆ ಚಿಪ್‌ಗಳ ಮೇಲೆ ಪರೀಕ್ಷಿಸಬೇಕು, ತಪ್ಪು ಕಂಡರೆ ಎಲ್ಲ ಕಡೆಯೂ ತಿದ್ದಬೇಕು. ಹತ್ತಾರು ಜನ ಸೇರಿ ನಡೆಸುವ ಯೋಜನೆಗಳಿಗೆ ಇದು ಸಾಧ್ಯ. ಬಿಡುವಿನ ವೇಳೆಯಲ್ಲಿ ಒಂಟಿಯಾಗಿ ತಂತ್ರಾಂಶ ಬರೆಯುವವರು ಎರಡರಲ್ಲೊಂದನ್ನು ಆರಿಸಿಕೊಳ್ಳುತ್ತಾರೆ: ಹಳೆಯ ತಳಮಟ್ಟಕ್ಕೇ ಅಂಟಿಕೊಂಡು ಎಲ್ಲರಿಗೂ ನಿಧಾನದ ಪ್ರೋಗ್ರಾಮ್ ಕೊಡುವುದು, ಇಲ್ಲವೇ ಹೊಸ ಮಟ್ಟಕ್ಕೆ ಏರಿ ಅಗ್ಗದ ಚಿಪ್‌ನವರನ್ನು ಕೈಬಿಡುವುದು. ಗೂಗಲ್‌ನಷ್ಟು ದೊಡ್ಡ ಕಂಪನಿಯ ಬೆಂಬಲವಿರುವ ಟೆನ್ಸರ್‌ಫ್ಲೋ ಕೂಡ 2018ರಲ್ಲಿ, 1.6ನೇ ಆವೃತ್ತಿಯಿಂದ, ಸಿದ್ಧ ಪ್ರತಿಗಳನ್ನು ಎವಿಎಕ್ಸ್ ಇರುವ ಚಿಪ್‌ಗಳಿಗೆ ಮಾತ್ರ ಕೊಡತೊಡಗಿತು. ಯಂತ್ರಕಲಿಕೆಯ ಮೊದಲ ಪಾಠ ಕಲಿಯಲು ಪೆಂಟಿಯಮ್ ಹಿಡಿದು ಕುಳಿತ ವಿದ್ಯಾರ್ಥಿಗೆ ಅಂದು ಎದುರಾದದ್ದು ಅದೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’.

ನಿಧಾನವಾದರೂ ಸರಿ, ಇರಲಿ

ಸಣ್ಣ ಚಿಪ್‌ನಲ್ಲಿ ಜಾಗ ಕಡಿಮೆ, ವಿದ್ಯುತ್ ಕಡಿಮೆ, ದೊಡ್ಡ ಲೆಕ್ಕದ ಘಟಕಗಳನ್ನು ಅಲ್ಲಿ ಕೂರಿಸುವುದು ಕಷ್ಟ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಚಿಪ್‌ನ ಪ್ರತಿ ಚದರ ಮಿಲಿಮೀಟರಿಗೂ ಬೆಲೆಯಿದೆ. ಆದರೆ ಆದೇಶ ಅರ್ಥವಾಗುವುದು ಬೇರೆ, ಅದನ್ನು ಪೂರ್ಣ ವೇಗದಲ್ಲಿ ಮಾಡಿ ಮುಗಿಸುವುದು ಬೇರೆ. ಈ ವಾದದಲ್ಲಿ ಮರೆತುಹೋಗುವುದು ಇದೇ ಭೇದ.

ಎಎಂಡಿಯ ಜಾಗ್ವಾರ್ ಕೋರ್ ಇದನ್ನು 2013ರಲ್ಲೇ ತೋರಿಸಿತ್ತು. ಅಗ್ಗದ ಲ್ಯಾಪ್‌ಟಾಪ್‌ಗಳಿಗೆಂದು ಮಾಡಿದ ಪುಟ್ಟ ಕೋರ್ ಅದು. ಅದರೊಳಗಿನ ಲೆಕ್ಕದ ಘಟಕಗಳ ಅಗಲ 128 ಬಿಟ್ ಮಾತ್ರ. ಆದರೂ 256 ಬಿಟ್‌ನ ಎವಿಎಕ್ಸ್ ಆದೇಶ ಬಂದರೆ ಅದು ಒಪ್ಪಿಕೊಳ್ಳುತ್ತಿತ್ತು. ಎರಡು ಅರ್ಧಗಳಾಗಿ ಸೀಳಿ, ಒಂದಾದ ಮೇಲೊಂದರಂತೆ ಮುಗಿಸುತ್ತಿತ್ತು. 2013ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಇದ್ದದ್ದು ಇದೇ ಜಾಗ್ವಾರ್. ಎಎಂಡಿ 2017ರಲ್ಲಿ ತಂದ ಮೊದಲ ರೈಜನ್ ಚಿಪ್‌ಗಳು ಎವಿಎಕ್ಸ್-2ವನ್ನು ನಿಭಾಯಿಸಿದ್ದೂ ಇದೇ ಉಪಾಯದಿಂದ. ಇಂಟೆಲ್‌ನ ಎನ್100ರೊಳಗಿನ ಗ್ರೇಸ್‌ಮಾಂಟ್ ಕೋರ್ ಮಾಡುವುದೂ ಅದನ್ನೇ. 6 ವಾಟ್‌ನ ಚಿಪ್‌ಗೆ ಇದು ಸಾಧ್ಯವಾದರೆ 54 ವಾಟ್‌ನ ಪೆಂಟಿಯಮ್‌ಗೆ ಸಾಧ್ಯವಿರಲಿಲ್ಲ ಎನ್ನುವುದು ಒಪ್ಪುವ ಮಾತಲ್ಲ.

ಸಣ್ಣ ಕೋರ್‌ನಲ್ಲಿ ಒಂದು ಸೌಲಭ್ಯ ಇಲ್ಲದಿದ್ದರೆ ದೊಡ್ಡ ಕೋರ್‌ಗೂ ಅದು ದಕ್ಕುವುದಿಲ್ಲ ಎಂಬುದಕ್ಕೆ ಇಂಟೆಲ್‌ನದೇ ಸಾಕ್ಷಿಯಿದೆ. 2021ರ ನವೆಂಬರ್‌ನಲ್ಲಿ ಬಂದ ಆಲ್ಡರ್ ಲೇಕ್ ಚಿಪ್‌ಗಳಲ್ಲಿ ದೊಡ್ಡ ಕೋರ್‌ಗಳೂ ಸಣ್ಣ ಕೋರ್‌ಗಳೂ ಒಟ್ಟಿಗಿದ್ದವು. ದೊಡ್ಡ ಕೋರ್‌ನಲ್ಲಿ 512 ಬಿಟ್‌ನ ಎವಿಎಕ್ಸ್-512ಕ್ಕೆ ಬೇಕಾದ ಸರ್ಕ್ಯೂಟ್ ಇತ್ತು, ಸಣ್ಣ ಕೋರ್‌ನಲ್ಲಿ ಇರಲಿಲ್ಲ. ಓಡುತ್ತಿರುವ ಪ್ರೋಗ್ರಾಮ್ ಒಂದು ಕೋರ್‌ನಿಂದ ಇನ್ನೊಂದಕ್ಕೆ ಯಾವಾಗ ಬೇಕಾದರೂ ವರ್ಗವಾಗಬಹುದಾದ್ದರಿಂದ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಆದೇಶವನ್ನು ನಂಬಿ ಕೂರುವಂತಿಲ್ಲ. ಕೊನೆಗೆ ಇಂಟೆಲ್ ದೊಡ್ಡ ಕೋರ್‌ನಲ್ಲೂ ಅದನ್ನು ಮುಚ್ಚಿತು. ಮರುವರ್ಷ ಎಎಂಡಿಯ ಜೆನ್ 4 ಚಿಪ್‌ಗಳು 256 ಬಿಟ್‌ನ ಘಟಕಗಳಲ್ಲೇ 512 ಬಿಟ್‌ನ ಆದೇಶಗಳನ್ನು ಎರಡು ಕಂತಿನಲ್ಲಿ ಮುಗಿಸುತ್ತ ಬಂದವು. 2023ರಲ್ಲಿ ಇಂಟೆಲ್ ಘೋಷಿಸಿದ ಎವಿಎಕ್ಸ್-10ರ ಗುರಿಯೇ ಸಣ್ಣ ಕೋರ್, ದೊಡ್ಡ ಕೋರ್ ಎರಡಕ್ಕೂ ಒಂದೇ ಆದೇಶಗಳ ಗುಂಪನ್ನು ಒದಗಿಸುವುದು. ಒಂದೇ ಚಿಪ್‌ನೊಳಗೆ ಕಲಿತ ಈ ಪಾಠ ಚಿಪ್‌ಗಳ ಇಡೀ ಪಟ್ಟಿಗೂ ಅನ್ವಯಿಸುತ್ತದೆ.

ತಂತ್ರಾಂಶವೇ ಬಗ್ಗಿದಾಗ

ಯಂತ್ರಾಂಶ ಮೇಲೇರದಿದ್ದಾಗ ತಂತ್ರಾಂಶವೇ ಕೆಳಗಿಳಿದು ಬಂದ ಒಂದು ಸೊಗಸಾದ ಪ್ರಸಂಗವೂ ಉಂಟು. ಫೋನ್‌ನಲ್ಲಿರುವ ಮಾಹಿತಿ ಕಳ್ಳರ ಕೈಗೆ ಸಿಗದಂತೆ ಗೂಢಲಿಪಿಯಲ್ಲಿ ಇಡಲು ಎಇಎಸ್ ಎಂಬ ವಿಧಾನ ಬಳಕೆಯಲ್ಲಿದೆ. ಹೊಸ ಚಿಪ್‌ಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಆದೇಶಗಳಿವೆ. ಅಗ್ಗದ ಫೋನ್‌ಗಳಲ್ಲಿದ್ದ ಆರ್ಮ್ ಕಾರ್ಟೆಕ್ಸ್-ಎ7 ಕೋರ್‌ನಲ್ಲಿ ಅವು ಇರಲಿಲ್ಲ. ಎಇಎಸ್ ಅಲ್ಲಿ ಎಷ್ಟು ನಿಧಾನವಾಗುತ್ತಿತ್ತೆಂದರೆ, ಅಂಥ ಫೋನ್‌ಗಳಿಗೆ ಗೂಢಲಿಪಿಯ ಕಡ್ಡಾಯದಿಂದ ಆಂಡ್ರಾಯ್ಡ್ ವಿನಾಯಿತಿ ಕೊಟ್ಟಿತ್ತು. ಕಡಿಮೆ ಬೆಲೆಯ ಫೋನ್ ಕೊಂಡವರ ಫೋಟೊ, ಸಂದೇಶ, ಬ್ಯಾಂಕಿನ ವಿವರಗಳಿಗೆ ಕಡಿಮೆ ರಕ್ಷಣೆ ಎಂದೇ ಇದರರ್ಥ.

ಗೂಗಲ್‌ನ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗರ್ಸ್ ಇದಕ್ಕಾಗಿ ಅಡಿಯಾಂಟಮ್ ಎಂಬ ಹೊಸ ವಿಧಾನವನ್ನೇ ರೂಪಿಸಿದರು. 2019ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಪ್ರಕಟಿಸಿತು. ವಿಶೇಷ ಆದೇಶಗಳ ಹಂಗಿಲ್ಲದೆ, ಕೂಡುವುದು, ಬಿಟ್‌ಗಳನ್ನು ತಿರುಗಿಸುವುದು ಮುಂತಾದ ಸಾಮಾನ್ಯ ಕ್ರಿಯೆಗಳಿಂದಲೇ ಅದು ಬಹುಪಾಲು ಕೆಲಸ ಮುಗಿಸುತ್ತದೆ. ಕಾರ್ಟೆಕ್ಸ್-ಎ7ನಲ್ಲಿ ಎಇಎಸ್-256ಕ್ಕಿಂತ ಅದು ಐದು ಪಟ್ಟಿಗೂ ಹೆಚ್ಚು ವೇಗ. ಬಡವರ ಫೋನ್ ಎಂದು ಕೈಬಿಡದೆ ಅದಕ್ಕಾಗಿಯೇ ಗಣಿತವನ್ನು ಹೊಸದಾಗಿ ಕಟ್ಟಿದ ಈ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೆ ಇದು ನಿಯಮವಾಗಲಾರದು. ಸುರಕ್ಷಿತ ಗೂಢಲಿಪಿಯೊಂದನ್ನು ರೂಪಿಸಿ, ಅದು ಮುರಿಯದೆಂದು ಸಾಧಿಸಿ ತೋರಿಸಬಲ್ಲವರು ಜಗತ್ತಿನಲ್ಲಿ ಕೆಲವೇ ಮಂದಿ. ಚಿಪ್‌ನಲ್ಲಿ ಬಿಟ್ಟ ಪ್ರತಿ ಕೊರತೆಯನ್ನೂ ತುಂಬಲು ಅಂಥವರು ಸಿಗುವುದಿಲ್ಲ.

ಕೊಳ್ಳುವವರು ಕೇಳಬೇಕಾದ್ದು

ಇಷ್ಟೆಲ್ಲ ತಿಳಿದ ಮೇಲೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ, ನಿಮ್ಮೂರ ಅಂಗಡಿಯಲ್ಲೋ ಹಳೆಯ ಕಂಪ್ಯೂಟರ್ ಕೊಳ್ಳುವಾಗ ಏನು ನೋಡಬೇಕು? ಒಂದೇ ವರ್ಷದ, ಒಂದೇ ಬಗೆಯ ಡಬ್ಬಿಯಲ್ಲಿ ನಾಲ್ಕನೇ ಪೀಳಿಗೆಯ ಐ5 ಇರಬಹುದು, ಪೆಂಟಿಯಮ್ಮೂ ಇರಬಹುದು. ಐ5ನಲ್ಲಿ ಎವಿಎಕ್ಸ್-2 ಇದೆ, ಪೆಂಟಿಯಮ್‌ನಲ್ಲಿ ಇಲ್ಲ. ವಿಂಡೋಸ್‌ನಲ್ಲಿ ಸಿಪಿಯು-ಜೆಡ್ ಎಂಬ ಉಚಿತ ಪ್ರೋಗ್ರಾಮ್ ತೆರೆದರೆ ‘ಇನ್‌ಸ್ಟ್ರಕ್ಷನ್ಸ್’ ಎಂಬ ಸಾಲಿನಲ್ಲಿ ಇರುವುದೆಲ್ಲ ಕಾಣುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು ಆಜ್ಞೆ ಕೊಟ್ಟರೆ ಸಾಕು.

ವಿಂಡೋಸ್‌ನ ಅಳತೆಗೋಲು ಬೇರೆಯೇ ಎಂಬುದನ್ನೂ ನೆನಪಿಡಬೇಕು. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನ ಕೋರ್ ಚಿಪ್‌ಗಳನ್ನು ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಆ ಪಟ್ಟಿಯಲ್ಲಿ ಎವಿಎಕ್ಸ್ ಇಲ್ಲದ ಸೆಲೆರಾನ್ ಎನ್4020ಕ್ಕೆ ಜಾಗವಿದೆ, ಎವಿಎಕ್ಸ್-2 ಇರುವ ನಾಲ್ಕನೇ ಪೀಳಿಗೆಯ ಐ7ಗೆ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಮೊದಲು ಯಾವ ಕಾರ್ಯಾಚರಣ ವ್ಯವಸ್ಥೆ, ಯಾವ ಕೆಲಸ ಎಂದು ನಿರ್ಧರಿಸಿಕೊಂಡು ಆಮೇಲೆ ಚಿಪ್ ಆರಿಸುವುದು ಜಾಣತನ.

ಒಬ್ಬೊಬ್ಬರು ಕೊಳ್ಳುವುದಕ್ಕಿಂತ ಮುಖ್ಯವಾದದ್ದು ಸಗಟು ಖರೀದಿ. ಶಾಲೆ, ಕಾಲೇಜು, ಗ್ರಂಥಾಲಯ, ಕಚೇರಿಗಳಿಗೆಂದು ನೂರಾರು ಕಂಪ್ಯೂಟರ್‌ಗಳನ್ನು ಒಮ್ಮೆಗೇ ಕೊಳ್ಳುವವರು ರ್‍ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ಬರೆಯುವ ಟೆಂಡರಿನಲ್ಲಿ ‘ಎಕ್ಸ್86-64 ಮೂರನೆಯ ಮಟ್ಟ’ ಎಂಬ ಒಂದು ಸಾಲನ್ನು ಸೇರಿಸಬೇಕು. ಇಂದು ಎನ್100ರಂಥ ಅತ್ಯಂತ ಅಗ್ಗದ ಚಿಪ್ಪೂ ಆ ಮಟ್ಟ ಮುಟ್ಟುವುದರಿಂದ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಆ ಸಾಲು ಇಲ್ಲದಿದ್ದರೆ ದಾಸ್ತಾನಿನಲ್ಲಿ ಉಳಿದ ಹಳೆಯ ಚಿಪ್‌ಗಳು ಮಕ್ಕಳ ಮುಂದೆ ಬಂದು ಕೂರುತ್ತವೆ. ಒಮ್ಮೆ ಕೂತರೆ ವರ್ಷಗಟ್ಟಲೆ ಅಲ್ಲಿಂದ ಏಳುವುದಿಲ್ಲ.

ಇದೇ ಪ್ರಶ್ನೆ ಈಗ ಇನ್ನೊಂದು ರೂಪದಲ್ಲಿ ಎದುರು ನಿಂತಿದೆ. 2024ರ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ ‘ಕೋಪೈಲಟ್ ಪ್ಲಸ್’ ಎಂಬ ಹೊಸ ದರ್ಜೆಯ ಕಂಪ್ಯೂಟರ್‌ಗಳನ್ನು ಘೋಷಿಸಿತು. ಕೃತಕ ಬುದ್ಧಿಮತ್ತೆಯ ಕೆಲಸಗಳಿಗಾಗಿ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಪ್ರತ್ಯೇಕ ಘಟಕ, ಜೊತೆಗೆ 16 ಜಿಬಿ ರ್‍ಯಾಮ್ ಅದಕ್ಕೆ ಬೇಕು. ಆ ಘಟಕ ಸೆಲೆರಾನ್ ದರ್ಜೆಯ ಯಂತ್ರಗಳಲ್ಲಿಲ್ಲ. ಕನ್ನಡದ ಮಾತನ್ನು ಇಂಟರ್‌ನೆಟ್ ಇಲ್ಲದೆಯೇ ಬರಹವಾಗಿಸುವುದು, ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವುದು, ಪಾಠವನ್ನು ಮಗುವಿನ ಭಾಷೆಗೆ ಅನುವಾದಿಸುವುದು ಎಲ್ಲಕ್ಕಿಂತ ಹೆಚ್ಚು ಬೇಕಿರುವುದು ಅಗ್ಗದ ಯಂತ್ರ ಕೊಂಡವರಿಗೇ. ಆದರೆ ಆ ಘಟಕ ದುಬಾರಿ ಯಂತ್ರಗಳಲ್ಲೇ ಉಳಿದಷ್ಟು ಕಾಲ ಅದನ್ನು ನಂಬಿ ಕನ್ನಡಕ್ಕೆ ತಂತ್ರಾಂಶ ಬರೆಯುವವರ ಸಂಖ್ಯೆಯೂ ಕಡಿಮೆಯೇ ಇರುತ್ತದೆ. ಕಡಿಮೆ ವೇಗದ್ದಾದರೂ ಸರಿ, ಅಂಥದೊಂದು ಘಟಕ ತಳಮಟ್ಟದ ಚಿಪ್‌ನಲ್ಲಿ ಈಗಲೇ ಬರಬೇಕು. ಬಳಸುವ ತಂತ್ರಾಂಶ ಎಲ್ಲಿದೆ ಎಂದು ಚಿಪ್ ತಯಾರಕರು ಕೇಳಿದರೆ ಎಸ್‌ಎಸ್‌ಇ-2 ಮತ್ತು ಎವಿಎಕ್ಸ್-2ರ ಚರಿತ್ರೆಯೇ ಉತ್ತರ. ಎಲ್ಲರಿಗೂ ಕೊಟ್ಟದ್ದನ್ನು ತಂತ್ರಾಂಶ ಮೊದಲ ದಿನದಿಂದಲೇ ಬಳಸಿತು, ಕೆಲವರಿಗೆ ಮಾತ್ರ ಕೊಟ್ಟದ್ದಕ್ಕೆ ಹನ್ನೆರಡು ವರ್ಷ ಕಾಯಿತು.